ಎರಡು ಗೂಡು ಖಾಲಿ ಇರಲಿ

ರ್ಯಾಮ್ ಎಷ್ಟು ಹಾಕಿಸಲಿ ಅಂತ ಕೇಳಿದಳು.
ಲಾಗೋಸಿನ ಒಟಿಗ್ಬಾ ಬೀದಿಯ ಈ ಮೂಲೆಯಲ್ಲಿ
ಒಂದು ಮೇಜು, ಒಂದು ಕೊಡೆ, ನಾಲ್ಕು ತಿರುಪುಳಿ ಇಟ್ಟುಕೊಂಡು
ಇಪ್ಪತ್ತೆರಡು ವರ್ಷ ಕೂತವನಿಗೆ
ಇದಕ್ಕಿಂತ ಸುಲಭದ ಪ್ರಶ್ನೆ ಇಲ್ಲ:
ಗಿರಾಕಿಯ ಚಪ್ಪಲಿ ನೋಡು, ಸಂಖ್ಯೆ ಹೇಳು.

ವಕೀಲರ ಗುಮಾಸ್ತನಿಗೆ ಎಂಟು.
ಆಟದ ಹುಚ್ಚಿನ ಹುಡುಗ ಮೂವತ್ತೆರಡೇ ಬೇಕು ಅಂತ ಹಟ ಹಿಡಿದರೆ
ಅವನಪ್ಪನ ಮುಖ ನೋಡಿ ಹದಿನಾರು.
ಪಾದ್ರಿಗಳಿಗೆ, ದೇವರು ಕೊಟ್ಟಷ್ಟು.

ಇವಳ ಚಪ್ಪಲಿಗಳು ಬೇರೆ ಬೇರೆ ಜೋಡಿಯವು.
ಹೆಸರು ಎಬಿಯೆರೆ, ನೆಂಬೆಯ ತೊರೆಗಳ ಕಡೆಯವಳು.
ಚಲಿಸುವ ಚಿತ್ರ ಮಾಡುತ್ತಾಳಂತೆ.
"ಏನು ಚಿತ್ರ?"
"ನದಿ."
"ನದಿಯಲ್ಲಿ ಏನು?"
"ನದಿಯೇ. ಎಣ್ಣೆ ಬೀಳುವ ಮೊದಲಿನದು. ನಾನು ನೋಡಿಲ್ಲ."

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ನನ್ನ ಕಸುಬು ಅದರ ತಿರುಗುಮುರುಗು,
ಕಾಲು ಅಳೆದು ಹಾಸಿಗೆ ಮಾರುವುದು.
ಎಲ್ಲರಿಗೂ ಹೇಳುವುದನ್ನೇ ಇವಳಿಗೂ ಹೇಳಿದೆ:
ಅಟ್ಟ ಬೇರೆ, ಕಟ್ಟೆ ಬೇರೆ, ತಾಯಿ.
ಡಿಸ್ಕು ಅಟ್ಟ; ಎಸೆದದ್ದು ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತದೆ.
ರ್ಯಾಮು ಒಲೆ ಪಕ್ಕದ ಕಟ್ಟೆ;
ಈಗ ಹೆಚ್ಚುತ್ತಿರುವ ಈರುಳ್ಳಿ, ಈಗ ಬೇಕಾದ ಉಪ್ಪು.
ಒಬ್ಬಳಿಗೆ ಗಂಜಿ ಕಾಯಿಸಲು
ಮದುವೆಮನೆಯ ಕಟ್ಟೆ ಯಾಕೆ?

ಅವಳು ಲ್ಯಾಪ್‌ಟಾಪು ತೆರೆದಳು.
ಬ್ಯಾಟರಿ ಎಂದೋ ಸತ್ತದ್ದು, ನನ್ನ ವೈರಿನ ಮೇಲೆ ಅದರ ಉಸಿರು.
"ಒಂದೊಂದು ಹನಿಗೂ ಪಕ್ಕದ ಹನಿ ಎಲ್ಲಿದೆ ಅಂತ ಗೊತ್ತಿರಬೇಕು.
ಇಲ್ಲದಿದ್ದರೆ ಅದು ನೀರಲ್ಲ, ಮರಳು."
ಹದಿನಾರರಲ್ಲಿ ಒಂದು ಬೊಗಸೆ.
ಮೂವತ್ತೆರಡರಲ್ಲಿ ದೋಣಿ ತೇಲುವಷ್ಟು.
ಅರವತ್ತನಾಲ್ಕು ಇದ್ದರೆ ದಡ, ಬೇರು,
ಬೇರಿಗೆ ಬಡಿದು ಒಡೆಯುವ ಅಲೆ.

ನೆನೆ ಅಂತ ಒಂದು ಮಾತಿದೆಯಲ್ಲ,
ಒದ್ದೆಯಾಗುವುದಕ್ಕೂ ಅದೇ, ಮನಸ್ಸಿಗೆ ತಂದುಕೊಳ್ಳುವುದಕ್ಕೂ ಅದೇ.
ಅವಳ ನದಿ ಎರಡನ್ನೂ ಒಟ್ಟಿಗೆ ಮಾಡಬೇಕಿತ್ತು,
ಗಿಗಾಬೈಟಿಗೆ ಇಷ್ಟು ನೈರಾ ಅನ್ನುವ ಲೆಕ್ಕದಲ್ಲಿ.

ಪ್ಲಾಸ್ಟಿಕ್ ಚೀಲದಲ್ಲಿದ್ದ ದುಡ್ಡಿಗೆ
ಅರವತ್ತನಾಲ್ಕು ಬರುತ್ತಿತ್ತು,
ಅಥವಾ ಮೂವತ್ತೆರಡು, ಜೊತೆಗೆ
ಕರೆಂಟು ಹೋದಾಗ ಯಂತ್ರವನ್ನು ಹಿಡಿದು ನಿಲ್ಲಿಸುವ ಬ್ಯಾಟರಿ.
ಅರವತ್ತನಾಲ್ಕೇ ತೊಗೊ ಅಂದೆ.
ಸುಳ್ಳು ಯಾಕೆ, ಅದರಲ್ಲಿ ನನಗೆ ಲಾಭ ಜಾಸ್ತಿ.

ಅಷ್ಟರಲ್ಲಿ ಕರೆಂಟು ತೆಗೆದರು.
ಬೀದಿಯುದ್ದಕ್ಕೂ ಒಂದು "ಓ".
ತೆರೆ ಕಪ್ಪಾಯಿತು.
ಜನರೇಟರುಗಳು ಸಾಲಿನಿಂದ ಸಾಲಿಗೆ ಕೆಮ್ಮುತ್ತ ಏಳುವ ಮುಂಚೆ
ಒಂದು ಗಳಿಗೆ ಇರುತ್ತದೆ,
ಆಗ ಇಕೇಜಾದಲ್ಲಿ ಕಾಗೆಯ ಕೂಗೂ ಕೇಳುತ್ತದೆ.
ರ್ಯಾಮಿನ ಬುದ್ಧಿಯೇ ಅಷ್ಟು:
ಕರೆಂಟಿರುವ ತನಕ ಅದರಷ್ಟು ಚುರುಕು ಯಾರಿಗೂ ಇಲ್ಲ,
ಹೋದ ಮೇಲೆ, ನೀನು ಯಾರು ಅನ್ನುತ್ತದೆ.

"ಸೇವ್ ಮಾಡಿದ್ದೆಯಾ?"
"ನಿನ್ನೆಯವರೆಗೆ."

ಬೆರಳು ಮಡಚಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.
"ಹದಿನಾರರ ಎರಡು ಕೊಡಿ. ಬ್ಯಾಟರಿ ಕೊಡಿ.
ಎರಡು ಗೂಡು ಖಾಲಿ ಇರಲಿ."

ಹರ್ಮಟಾನ್ ಗಾಳಿಯ ಕಾಲ, ಹಿಟ್ಟಿನಂಥ ಧೂಳು.
ಖಾಲಿ ಗೂಡುಗಳ ಬಾಯಿಗೆ ಕಾಗದದ ಪಟ್ಟಿ ಅಂಟಿಸಿದೆ.
ಇದಕ್ಕೆ ದುಡ್ಡಿಲ್ಲ ಅಂದೆ. ನಗಲಿಲ್ಲ ಅವಳು.

ಅದೇ ಕಂತಿನ ಇನ್ನೊಂದು ಜೋಡಿಯನ್ನು ಡ್ರಾಯರಿಗೆ ಹಾಕಿಟ್ಟೆ.
ಬೇರೆ ಕಂತಿನವು ಹೊಂದುವುದೇ ಇಲ್ಲ ಅಂತಲ್ಲ,
ಅವಳ ಚಪ್ಪಲಿಗಳ ಹಾಗೆ ನಡೆಯುತ್ತವೆ,
ಕಾಲಿಗೆ ಮಾತ್ರ ಗೊತ್ತಾಗುತ್ತದೆ.

ಎಂಟು ತಿಂಗಳಾಯಿತು.
ನೈರಾ ಇಳಿದಿದೆ, ಆ ಜೋಡಿಯ ಬೆಲೆ ಏರಿದೆ.
ನಿನ್ನೆ ಒಬ್ಬ ಎರಡರಷ್ಟು ಕೊಡುತ್ತೇನೆ ಅಂದ,
ಕೆಲಸ ಕಲಿಯುವ ಹುಡುಗ ಸೊಮ್ಟೊ ಆಗಲೇ ಡ್ರಾಯರಿಗೆ ಕೈ ಹಾಕಿದ್ದ.
"ಅದು ಮಾರಿಹೋಗಿದೆ," ಅಂದೆ.
"ಯಾರಿಗೆ?"
ಲಕೋಟೆಯ ಮೇಲೆ ಹೆಸರಿಲ್ಲ, ಫೋನ್ ನಂಬರಿಲ್ಲ.
ನನ್ನ ಕೋಳಿಕಾಲಿನ ಅಕ್ಷರದಲ್ಲಿ ಇಷ್ಟೇ:
ದಡ, ಬೇರು, ಬಾಕಿ.